ಶ್ರೀಮತಿ, ಮೇಡಂ, ಆಂಟಿ – ಮತ್ತು ಅವಳು

ಜಯನಗರದ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತ ಒಂದು ಸಂಜೆ ತಿರುಗಾಡಿ ಮನೆಗೆ ಮರಳುವಷ್ಟರಲ್ಲಿ, ಅರವತ್ತು ದಾಟಿದ ನನ್ನಂಥವಳೊಬ್ಬಳು ಎಷ್ಟು ಬಗೆಯ ಸಂಬೋಧನೆಗಳಿಗೆ ಓಗೊಡಬೇಕಾಗುತ್ತದೆಂಬುದನ್ನು ಲೆಕ್ಕವಿಟ್ಟರೆ ಅದೇ ಒಂದು ಸ್ವಾರಸ್ಯವಾದ ಪಟ್ಟಿಯಾಗುತ್ತದೆ. ಹೂವಿನವಳಿಗೆ ನಾನು ‘ಅಮ್ಮ’. ಬಟ್ಟೆಯಂಗಡಿಯವರಿಗೂ ಆಟೋ ಚಾಲಕರಿಗೂ ‘ಮೇಡಂ’. ಅಡ್ಡರಸ್ತೆಯ ತಿರುವಿನಲ್ಲಿ ಸೈಕಲ್ ತಾಗಿಸಿ ಹೋದ ಹುಡುಗನಿಗೆ ‘ಆಂಟಿ’. ಕೈಚೀಲದಲ್ಲಿದ್ದ ಬ್ಯಾಂಕಿನ ಕಾಗದಕ್ಕೆ ‘ಶ್ರೀಮತಿ’. ಜೊತೆಯಲ್ಲೇ ನಡೆದು ಬಂದ ನಮ್ಮ ಯಜಮಾನರಾದರೋ, ಆ ಹುಡುಗನ ‘ಅಂಕಲ್’ ಒಂದನ್ನು ಬಿಟ್ಟರೆ, ಉಳಿದೆಡೆಯಲ್ಲೆಲ್ಲ ‘ಸಾರ್’ ಎಂಬ ಒಂದೇ ಶಬ್ದದಿಂದ ಪಾರಾದರು. (‘ಯಜಮಾನರು’ ಎಂಬ ಶಬ್ದವನ್ನೂ ಈ ಲೇಖನಕ್ಕೆ ಕೈಹಚ್ಚುವವರೆಗೆ ನಾನು ವಿಚಾರಿಸಿ ನೋಡಿದವಳಲ್ಲ.)

ಔಪಚಾರಿಕವಾದ ಸಂಬೋಧನೆ ಹೆಂಗಸರಿಗೆ ಹಿಡಿಸದು, ಅವರಿಗೆ ಆತ್ಮೀಯತೆ ಬೇಕು ಎಂದು ಹೇಳತಕ್ಕವರಿದ್ದಾರೆ, ನಾನು ಒಪ್ಪೆನು. ಮರ್ಯಾದೆಯ ಮಾತು ಯಾರಿಗೂ ಭಾರವಾಗುವುದಿಲ್ಲ. ಭಾರವಾಗತಕ್ಕದ್ದು, ಆ ಮರ್ಯಾದೆಯ ಒಡಲಿನಲ್ಲಿ ಅಡಗಿ ಕುಳಿತಿರುವ ಪ್ರಶ್ನೆ. ‘ಶ್ರೀ’ ಎಂಬುದು ಗಂಡಸನ್ನು ಏನನ್ನೂ ಕೇಳುವುದಿಲ್ಲ. ‘ಕುಮಾರಿಯೋ ಶ್ರೀಮತಿಯೋ’ ಎಂಬ ಅರ್ಜಿ ನಮೂನೆಯ ಎರಡು ಚೌಕಗಳು, ಮಧ್ಯಾಹ್ನದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಂತೆ, ಮದುವೆಯಾಯಿತೆ ಎಂದು ಕೇಳಿಯೇ ಮುಂದಿನ ಮಾತಿಗೆ ಹೋಗುತ್ತವೆ. ನಮ್ಮ ಪಹಣಿಗಳಲ್ಲಿಯೂ ಗಂಡಸಿನ ಹೆಸರಿನ ನಂತರ ‘ಬಿನ್’ ಎಂದು ಬರೆದು ತಂದೆಯ ಹೆಸರನ್ನೂ, ವಿವಾಹಿತೆಯ ಹೆಸರಿನ ನಂತರ ‘ಕೋಂ’ ಎಂದು ಬರೆದು ಗಂಡನ ಹೆಸರನ್ನೂ ನಮೂದಿಸುವ ವಾಡಿಕೆಯುಂಟು. ಗಂಡಸಿಗೆ ತಂದೆಯ ಗುರುತು ಹುಟ್ಟಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ಹೆಂಗಸಿನ ಗುರುತು ನಡುವೆ ಒಮ್ಮೆ ಬದಲಾಗುತ್ತದೆ.

ವಿಚಿತ್ರವೆಂದರೆ ‘ಶ್ರೀಮತಿ’ ಎಂಬ ಶಬ್ದದಲ್ಲಿ ಗಂಡನೇ ಇಲ್ಲ. ‘ಶ್ರೀಮತ್’ ಎಂಬುದರ ಸ್ತ್ರೀಲಿಂಗರೂಪ ಅದು. ಶ್ರೀಯುಳ್ಳವಳು ಎಂದಷ್ಟೇ ಅದರ ಅರ್ಥ. ಮದುವೆಯ ಅರ್ಥವನ್ನು ಅದಕ್ಕೆ ತೊಡಿಸಿ, ಆಂಗ್ಲರ ಮಿಸ್–ಮಿಸೆಸ್ ಜೋಡಿಯ ಅಚ್ಚಿನಲ್ಲಿ ಕುಮಾರಿ–ಶ್ರೀಮತಿ ಎಂದು ಎರಕ ಹೊಯ್ದವರು ನಾವೇ ಎಂದು ನನಗೆ ತೋರುತ್ತದೆ. ಬನಶಂಕರಿಯಲ್ಲಿರುವ ನನ್ನ ಗೆಳತಿಯೊಬ್ಬರು ಪತಿಯನ್ನು ಕಳೆದುಕೊಂಡ ಎಂಟು ವರ್ಷಗಳ ತರುವಾಯ ಮಗಳ ಮದುವೆ ಮಾಡಿದರು. ಆಹ್ವಾನಪತ್ರಿಕೆಯಲ್ಲಿ ವರನಿಗೆ ‘ಚಿ|| ರಾ||’ ಎಂದೂ ವಧುವಿಗೆ ‘ಚಿ|| ಕುಂ|| ಸೌ||’ ಎಂದೂ ಸಾಲಂಕೃತವಾಗಿ ಅಚ್ಚಾಗುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕರೆಯುವವರು ಯಾರೆಂಬಲ್ಲಿಗೆ ಬಂದಾಗ ಮಾತ್ರ, ಮೈದುನ ದಂಪತಿಗಳ ಹೆಸರಿನಲ್ಲಿ ಪತ್ರಿಕೆ ಹೊರಡುವುದು ಕ್ಷೇಮವೆಂದೂ, ಇವರ ಹೆಸರಿಗೆ ‘ಶ್ರೀಮತಿ’ ಹಾಕುವುದು ಸರಿಯೋ ಅಲ್ಲವೋ ಎಂದೂ ಹಿರಿಯರಲ್ಲಿ ಜಿಜ್ಞಾಸೆ ಹುಟ್ಟಿತು. ಮೂವತ್ತು ವರ್ಷ ಶಾಲೆಯಲ್ಲಿ ದುಡಿದು, ಸಾಲ ತೀರಿಸಿ, ಕಲ್ಯಾಣಮಂಟಪಕ್ಕೆ ಮುಂಗಡ ಕೊಟ್ಟು ಬಂದವರು ಅವರೇ. ಪತ್ರಿಕೆ ಕೊನೆಗೆ ಅವರ ಹೆಸರಿನಲ್ಲಿಯೇ, ‘ಶ್ರೀಮತಿ’ ಸಹಿತವಾಗಿಯೇ ಹೊರಟಿತು. ಆದರೆ ಆ ಒಂದು ವಾರ ತಾವು ಪಟ್ಟ ಸಂಕಟವನ್ನು ಇಂದಿಗೂ ಅವರು ನಗುತ್ತ ಹೇಳಲಾರರು.

ಈ ಬೇಗುದಿ ನಮ್ಮದು ಮಾತ್ರವೇ ಅಲ್ಲ. ಪಶ್ಚಿಮ ಜರ್ಮನಿಯು ಅವಿವಾಹಿತೆಯರನ್ನು ಸೂಚಿಸುವ ‘ಫ್ರಾಯ್‌ಲೈನ್’ ಶಬ್ದವನ್ನು 1972ರಲ್ಲಿ ಸರ್ಕಾರಿ ವ್ಯವಹಾರದಿಂದ ಕೈಬಿಟ್ಟಿತು. ಫ್ರಾನ್ಸ್ ತನ್ನ ನಮೂನೆಗಳಿಂದ ‘ಮದ್‌ಮ್ವಾಜೆಲ್’ ಅನ್ನು ತೆಗೆದುಹಾಕಲು 2012ರವರೆಗೆ ಕಾಯಬೇಕಾಯಿತು.

ಇನ್ನು ‘ಆಂಟಿ’. ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸರ ಮನಸ್ಸನ್ನು ಈ ಶಬ್ದದಷ್ಟು ಕಲಕಿದ ಇನ್ನೊಂದಿಲ್ಲ. ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ ಊಟ ಬಡಿಸುವ ಯಜಮಾನಿತಿಯನ್ನು ಹುಡುಗಿಯರು ‘ಆಂಟಿ’ ಎಂದರೆ ಅದು ಸಲಿಗೆ. ಅದೇ ಹುಡುಗಿಯನ್ನು ಹತ್ತು ವರ್ಷಗಳ ಮೇಲೆ ತರಕಾರಿಯ ಗಾಡಿಯವರು ‘ಆಂಟಿ’ ಎಂದ ದಿನ ಆಕೆ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಾಳೆ. ಇದಕ್ಕೆ ವಿರುದ್ಧವಾದ ವಿನೋದವೆಂದರೆ, ಮೊಮ್ಮಕ್ಕಳನ್ನು ಕಂಡ ಶಿಕ್ಷಕಿಯರೂ ನಮ್ಮ ಇಂಗ್ಲಿಷ್ ಶಾಲೆಗಳಲ್ಲಿ ನಿವೃತ್ತಿಯ ದಿನದವರೆಗೆ ‘ಮಿಸ್’ ಆಗಿಯೇ ಉಳಿಯುತ್ತಾರೆ. ಉತ್ತರ ಕನ್ನಡದ ಹಳ್ಳಿಯ ಮಕ್ಕಳು ಅದೇ ಶಿಕ್ಷಕಿಯರನ್ನು ‘ಅಕ್ಕೋರು’ ಎನ್ನುವರು. ಅದರ ಗಾಂಭೀರ್ಯ ‘ಮಿಸ್’ಗೆ ಎಲ್ಲಿಂದ ಬರಬೇಕು? ‘ಅಕ್ಕ’ ಎಂಬುದು ನಮ್ಮಲ್ಲಿ ವಯಸ್ಸಿನ ಎಣಿಕೆಯೇ ಆಗಿರಲಿಲ್ಲ. ಕಿರಿಯಳಾದ ಉಡುತಡಿಯ ಮಹಾದೇವಿಯನ್ನು ಕಲ್ಯಾಣದ ಹಿರಿಯ ಶರಣರು ಅಕ್ಕನೆಂದು ಗೌರವಿಸಿದರೆಂಬುದು ಸಂಪ್ರದಾಯದ ಮಾತು.

ಆದರೆ ಅಕ್ಕ, ಅಮ್ಮ ಎಂಬ ಬಂಧುವಾಚಕಗಳೂ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಕಚೇರಿಯಲ್ಲಿ ಅಧಿಕಾರ ನಡೆಸುವವರು ತಾವು ಯಾರ ತಾಯಿಯೂ ಅಲ್ಲವೆಂದು ಹೇಳಿದರೆ ಅದು ಅಹಂಕಾರವಲ್ಲ. ಪರಕೀಯವಾದರೂ ‘ಮೇಡಂ’ ನಮ್ಮಲ್ಲಿ ಬೇರೂರಿದ್ದು ಇದರಿಂದಲೇ: ಅದು ಗಂಡನನ್ನೂ ಕೇಳದು, ಮಕ್ಕಳನ್ನೂ ಕೇಳದು. ಜೆ.ಪಿ. ನಗರದ ವೈದ್ಯೆಯೊಬ್ಬರು ತಮಗೆ ಅತ್ಯಂತ ಪ್ರಿಯವಾದ ಸಂಬೋಧನೆ ರೋಗಿಗಳ ‘ಡಾಕ್ಟ್ರೇ’ ಎಂದು ನನ್ನೊಡನೆ ಹೇಳಿದ್ದುಂಟು.

ವಾಸ್ತವವಾಗಿ ಕನ್ನಡಕ್ಕೆ ಈ ವಿಷಯದಲ್ಲಿ ಸಾಲ ತರಬೇಕಾದ ದಾರಿದ್ರ್ಯವೇನೂ ಇಲ್ಲ. ಬಂದನು, ಬಂದಳು ಎಂಬಲ್ಲಿ ಲಿಂಗಭೇದವಿದೆ; ‘ಬಂದರು’ ಎಂದೊಡನೆ ಅದು ಕರಗಿಹೋಗುತ್ತದೆ. 1972ರಲ್ಲಿ ಕೆ.ಎಸ್. ನಾಗರತ್ನಮ್ಮನವರು ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದಾಗ, ‘ಸಭಾಧ್ಯಕ್ಷರೇ’ ಎಂಬ ಮಾತಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾದ ಅಗತ್ಯವಿರಲಿಲ್ಲ. ಹೆಸರು, ಅದರ ಮೇಲೊಂದು ‘ಅವರು’: ಹೆಂಗಸಿಗೆ ಇಷ್ಟು ಸಾಕು. ಅರ್ಜಿಯ ನಮೂನೆಗಳಿಂದ ಆ ಎರಡು ಚೌಕಗಳನ್ನು ತೆಗೆದುಹಾಕಲು ಸರ್ಕಾರಕ್ಕೆ ಒಂದು ಸುತ್ತೋಲೆ ಸಾಕು.

ಇಷ್ಟು ಬರೆದು ಮುಗಿಸಿ ತೃಪ್ತಳಾಗಬೇಕೆಂದಿದ್ದ ಬೆಳಗ್ಗೆಯೇ ಬೀದಿಯಲ್ಲಿ ಪಾಲಿಕೆಯ ಗಾಡಿ ಬಂದು ನಿಂತಿತು. ಒಳಗಿನಿಂದ ಮೊಮ್ಮಗಳು ಕೂಗಿದಳು: ‘ಅಜ್ಜೀ, ಕಸದವಳು ಬಂದ್ಲು!’ ಎಂಟು ವರ್ಷದ ಮಗುವಿಗೆ ಆ ಏಕವಚನವನ್ನು ಕಲಿಸಿದವರು ಗಂಡಸರಲ್ಲ. ‘ಆಂಟಿ’ ಎಂಬುದಕ್ಕೆ ಮುಖ ಸಿಂಡರಿಸುವ ನಾವೇ, ನಮ್ಮ ಪಾತ್ರೆ ತೊಳೆಯುವ, ನಮಗಿಂತ ಹತ್ತು ವರ್ಷ ಹಿರಿಯರಾದವರನ್ನು ಬರಿಯ ಹೆಸರಿನಿಂದ ಕರೆಯುತ್ತೇವೆ, ‘ನೀನು’ ಎನ್ನುತ್ತೇವೆ, ಅವರು ಬಾರದ ದಿನ ‘ಇವಳು ಇವತ್ತೂ ಕೈಕೊಟ್ಟಳು’ ಎಂದು ದೂರವಾಣಿಯಲ್ಲಿ ಹಲುಬುತ್ತೇವೆ. ಅವರು ನಮ್ಮನ್ನು ‘ಅಕ್ಕ’ ಎನ್ನುವುದು ಯಥಾಪ್ರಕಾರ ನಡೆದಿದೆ. ಪತಿಯ ಹೆಸರನ್ನು ಕೇಳುವ ಸಂಬೋಧನೆಯಿಂದ ನಮಗೆ ನೋವಾಗುವುದಾದರೆ, ಯಾವ ಬಗೆಯ ‘ಅವರು’ ಎಂಬುದೂ ಸಲ್ಲದವರಿಗೆ ಏನಾಗುತ್ತದೆಂಬುದನ್ನು ನಾನು ಈವರೆಗೆ ಯಾರನ್ನೂ ಕೇಳಿದವಳಲ್ಲ.

ಓದುಗರು ಈ ಲೇಖನದ ಮೊದಲ ಖಂಡಿಕೆಗೆ ಒಮ್ಮೆ ಹಿಂದಿರುಗಬೇಕೆಂದು ಪ್ರಾರ್ಥನೆ. ಅಲ್ಲಿ ಬಟ್ಟೆಯಂಗಡಿಯವರಿಗೂ ಆಟೋ ಚಾಲಕರಿಗೂ ನಾನು ಬಹುವಚನವನ್ನು ಕೊಟ್ಟಿದ್ದೇನೆ. ಹೂವು ಮಾರುವವರಿಗೆ ಕೊಟ್ಟಿಲ್ಲ; ಬರೆಯುವಾಗ ಅದು ನನ್ನ ಗಮನಕ್ಕೂ ಬರಲಿಲ್ಲ.