ಗುಪ್ತರೋಗ ಎಂಬ ಗಲ್ಲಾಪೆಟ್ಟಿಗೆ

ಶಹಾಡ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಲು ಶುರುಮಾಡಿ ಮೂವತ್ತು ವರ್ಷದ ಮೇಲಾಯಿತು. ಹೊನ್ನಾವರದಿಂದ ಬಿ.ಕಾಂ. ಮುಗಿಸಿ ಬಂದ ಹೊಸತರಲ್ಲಿ ನನಗೆ ಮುಂಬೈ ಹಿಂದಿ ಕಲಿಸಿದ್ದು ರೈಲು ಡಬ್ಬಿಯ ಗೋಡೆಗೆ ಅಂಟಿಸಿದ ಚೀಟಿಗಳು ಅಂದರೆ ನಗಬೇಡಿ. ಬಂಗಾಲಿ ಬಾಬಾನ ಪಕ್ಕದಲ್ಲೇ ‘ಗುಪ್ತರೋಗ’, ‘ಮರ್ದಾನಾ ಕಮಜೋರಿ’, ‘ಶರ್ತಿಯಾ ಇಲಾಜ್’. ನಿಂತವರೆಲ್ಲ ಅದನ್ನು ಓದುತ್ತಿದ್ದರು, ಓದಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದರು! ಈಗ ಅದೇ ಸರಕು ಮೊಬೈಲಿಗೆ ಬಂದಿದೆ.

ನನ್ನ ತಕರಾರು ಆ ‘ಗುಪ್ತ’ ಎಂಬ ಶಬ್ದದ ಮೇಲೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಈ ದಂಧೆಯ ಅಸಲು ಬಂಡವಾಳ ನಮ್ಮ ನಾಚಿಕೆ. ನೂರು ರೂಪಾಯಿಯ ಚಪ್ಪಲಿ ಕಿತ್ತುಹೋದರೆ ಅಂಗಡಿಯವನ ಜತೆ ಜಗಳಕ್ಕೆ ನಿಲ್ಲುವ ಗಂಡಸು, ಇಲ್ಲಿ ಮೋಸಹೋದರೆ ತಾನೇ ರಸೀದಿ ಹರಿದೆಸೆಯುತ್ತಾನೆ.

ನಮ್ಮ ರೈಲು ಗುಂಪಿನ ಒಬ್ಬರು (ಗುರುತು ಬೇಡ) ಹಲ್ಲಿನ ಚಿಕಿತ್ಸೆಗೆಂದು ಸೊಸೈಟಿಯಲ್ಲಿ ಸಾಲ ಎತ್ತಿದರು. ಮುರಿದ ಹಲ್ಲು ಮುರಿದಂತೆಯೇ ಇತ್ತು. ಹಣವೆಲ್ಲ ಯಾವುದೋ ಭಸ್ಮ, ಎಣ್ಣೆ, ಗುಳಿಗೆಗೆ. ಒಂದೂವರೆ ವರ್ಷದ ಮೇಲೆ ಕಲ್ಯಾಣ ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಡಿದುಕೊಂಡು ಕುಳಿತರು. ಸಕ್ಕರೆ 300 ದಾಟಿತ್ತು, ಹೃದಯದ ರಕ್ತನಾಳ ಕಟ್ಟಿತ್ತು. ಆಸ್ಪತ್ರೆಯಲ್ಲಿ ನನ್ನ ಕೈಹಿಡಿದು, "ಆ ತೊಂದರೆ ಎರಡು ವರ್ಷದಿಂದ ಇತ್ತು ಮಾರಾಯಾ, ಯಾರಿಗೆ ಹೇಳೋದು?" ಅಂದರು. ಆಗ ಅವರಿಗೆ 47.

ಯಾರಾದರೂ ಡಾಕ್ಟರಿಗೆ ಹೇಳಿದ್ದರೆ ಸಾಕಿತ್ತು. ಶಿಶ್ನಕ್ಕೆ ರಕ್ತ ಹರಿಸುವ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟತೊಡಗಿದರೆ ಎಷ್ಟೋ ಜನರಲ್ಲಿ ಮೊದಲು ಸೋಲುವುದು ಅಲ್ಲಿ. ಎದೆನೋವು ಬರುವುದು ಅದಾಗಿ ಎರಡು-ಮೂರು ವರ್ಷಕ್ಕೆ. ನಿಮಿರುವಿಕೆಯ ತೊಂದರೆ ನಲವತ್ತು ದಾಟಿದವನಿಗೆ ಬಂದ ನೋಟಿಸು ಅಂತಿಟ್ಟುಕೊಳ್ಳಿ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ನೋಡಿಸಬೇಕು, ಸಿಗರೇಟು ಬಿಡಬೇಕು. ಕೆಲವರಿಗೆ ಕಾರಣ ಮನಸ್ಸಿನ ಚಿಂತೆ, ಕೆಲವರಿಗೆ ಹಾರ್ಮೋನು. ಯಾವುದೆಂದು ಪರೀಕ್ಷಿಸಿ ಹೇಳಬೇಕಾದವನು ಡಾಕ್ಟರ್. ಇನ್ನೊಂದು ಅಪಾಯವಿದೆ: ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಎಷ್ಟೋ ಗುಳಿಗೆಗಳಲ್ಲಿ ವಯಾಗ್ರಾದ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಎದೆನೋವಿಗೆ ನಾಲಗೆಯಡಿ ನೈಟ್ರೇಟ್ ಗುಳಿಗೆ ಇಡುವವನು ಅದನ್ನೂ ನುಂಗಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಜೀವಕ್ಕೇ ಸಂಚಕಾರ.

ಇಷ್ಟು ಉಪದೇಶ ಮಾಡುವ ನಾನೇನು ಸಾಚಾನೇ? ಸಕ್ಕರೆ ಕಾಯಿಲೆಯವನು, ಮೂರು ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಕೂರುವವನು. ಮೂರು ವರ್ಷ ಬಾಯಿಬಿಡಲಿಲ್ಲ. ಕೊನೆಗೆ ನಮ್ಮನೆಯವಳೇ, "ನೀವು ಹೇಳದಿದ್ರೆ ನಾನೇ ಬಂದು ಹೇಳ್ತೇನೆ" ಅಂದಳು. ಡಾಕ್ಟರು ನಗಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಒತ್ತಡದ ಒಂದು ಮಾತ್ರೆ ಬದಲಿಸಿದರು, ಸಕ್ಕರೆ ಇಳಿಸಿ ಅಂದರು, ಹೃದಯ ಪರೀಕ್ಷೆಗೆ ಬರೆದುಕೊಟ್ಟರು. ಐದು ನಿಮಿಷದ ಮಾತು! ಆದರೆ ಒಂದು ದೂರು: ಆ ಮೂರು ವರ್ಷದಲ್ಲಿ ಅವರಾಗಿ ಒಮ್ಮೆಯೂ ಕೇಳಿರಲಿಲ್ಲ. ಕಾಲು ಜುಮ್ಮೆನ್ನುತ್ತದೆಯೇ ಎಂದು ಪ್ರತಿ ಸಲ ಕೇಳುವವರಿಗೆ ಇದನ್ನು ಕೇಳಲು ಏನು ಧಾಡಿ?

ಕಾನೂನು ಇಲ್ಲವೆಂದಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿತು. ಅದರ ಕಣ್ಣೆದುರೇ ಚೀಟಿಗಳು ಕಸಾರಾ ತನಕ ಪ್ರಯಾಣ ಮಾಡಿದವು, ಟಿಕೆಟ್ಟಿಲ್ಲದೆ.

ಇದೇ ಮುಂಬೈಯಲ್ಲಿ ಡಾ. ಮಹಿಂದರ್ ವತ್ಸ ಎಂಬ ಹಿರಿಯರಿದ್ದರು. 80 ದಾಟಿದ ಮೇಲೆ, 2005ರಲ್ಲಿ, ಮುಂಬೈ ಮಿರರ್ ಪತ್ರಿಕೆಯಲ್ಲಿ ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯತೊಡಗಿದರು. 2020ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವಯಸ್ಸಾದವರಿಗೆ ಇಲ್ಲದ ಸಂಕೋಚ ನಮಗೇಕೆ?

ನಮ್ಮ ಕಡೆಯ ಕನ್ನಡ ಸಂಘಗಳ ಆರೋಗ್ಯ ಶಿಬಿರ ನೋಡಿದ್ದೀರಲ್ಲ. ಹಾರ, ಶಾಲು, ಭಾಷಣ, ಆಮೇಲೆ ಬಿ.ಪಿ., ಸಕ್ಕರೆ, ಕಣ್ಣು. ಈ ಸಲದ ಫಾರಂ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಗಂಡಸರ ಹಾಳೆಯಲ್ಲಿ ಆ ಪ್ರಶ್ನೆಯನ್ನು ಅಚ್ಚಕನ್ನಡದಲ್ಲೇ ಬರೆದಿದ್ದೇನೆ. ಕಮಿಟಿಯಲ್ಲಿ ಇಬ್ಬರು ಆಗಲೇ ಕೆಮ್ಮಿದ್ದಾರೆ. ಭಾನುವಾರ ಮೀಟಿಂಗಿದೆ.