ಅಂಚೆಯವನ ಮೇಲೆ ಸಿಟ್ಟು, ಸರ್ಕಾರಕ್ಕೆ ಸಲಾಮು

“ಅವರು ಮುಷ್ಕರ ಹೂಡಿದರೆ ಹಾಳಾಗುವುದು ನಮ್ಮ ವ್ಯಾಪಾರ!” 2018ರ ಅಂಚೆ ಮುಷ್ಕರದ ಪ್ರಸ್ತಾಪ ಬಂದಾಗಲೆಲ್ಲ ಪೇಟೆಯಲ್ಲಿ ಈ ಮಾತು ಇಂದಿಗೂ ಕೇಳಿಬರುತ್ತದೆ. ಗಿರಣಿಯ ಗೇಟಿನ ಮುಂದೆ ಇದರ ತಮ್ಮನಂಥ ಮಾತೊಂದು ಓಡಾಡುತ್ತದೆ: “ಅವರಿಗೇನಪ್ಪ, ಸರ್ಕಾರಿ ನೌಕರರು, ಕೂತು ಉಣ್ಣುವವರು.” ಈ ಎರಡು ಮಾತುಗಳನ್ನು ಆಡುವವರು ಬಂಡವಾಳಗಾರರಲ್ಲ, ನಮ್ಮವರೇ. ಬಂಡವಾಳಗಾರರು ಆಡಿದ್ದರೆ ನಕ್ಕು ಸುಮ್ಮನಿರಬಹುದಾಗಿತ್ತು. ನಮ್ಮವರು ಆಡಿದ್ದರಿಂದ ಉತ್ತರ ಹೇಳಬೇಕಾಗಿದೆ.

ಜನರಿಗೆ ತೊಂದರೆಯಾದದ್ದು ಸುಳ್ಳಲ್ಲ. 2018ರ ಮೇ 22ರಂದು ದೇಶದ ಎರಡೂವರೆ ಲಕ್ಷಕ್ಕೂ ಮಿಕ್ಕ ಗ್ರಾಮೀಣ ಡಾಕ್ ಸೇವಕರು ಕೆಲಸ ನಿಲ್ಲಿಸಲು ಕರೆ ಕೊಟ್ಟರು. 16 ದಿನ ಅದು ನಡೆಯಿತು. ಪಟ್ಟಣದವರೆಗೆ ಬಂದ ಟಪಾಲನ್ನು ಹಳ್ಳಿಗೆ ಒಯ್ಯುವ ಕಾಲುಗಳು ಇರಲಿಲ್ಲ. ಗಿರಣಿಯಲ್ಲಿ ದುಡಿದು ಊರಿಗೆ ಹಣ ಕಳಿಸಿದವನ ತಾಯಿ ಬಾಗಿಲಲ್ಲಿ ಕಾದಳು. ವೃದ್ಧಾಪ್ಯ ವೇತನ, ವಿಧವಾ ವೇತನಗಳ ಮನಿಯಾರ್ಡರು ತಡವಾದವು. ಶಾಲಾ ಕಾಲೇಜು ತೆರೆಯುವ ಕಾಲ, ಕೆಲಸದ ಸಂದರ್ಶನದ ಕಾಗದಗಳ ಕಾಲ. ಅಂಗಡಿಕಾರನ ಪಾರ್ಸೆಲ್ಲು ದಾರಿಯಲ್ಲೇ ಉಳಿಯಿತು. ಸಿಟ್ಟು ಬಂದದ್ದು ಸಹಜ. ಬಾರದಿದ್ದರೆ ಈ ಜನ ದಿನವೂ ಎಷ್ಟು ಭಾರ ಹೊರುತ್ತಾರೆಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ! ಆದರೆ ಆ ಸಿಟ್ಟು ಯಾರ ಬಾಗಿಲಿಗೆ ಹೋಗಿ ನಿಂತಿತು? ಸೈಕಲ್ ತುಳಿಯುವವನ ಬಾಗಿಲಿಗೆ. ದಿಲ್ಲಿಯ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಈ “ಕೂತು ಉಣ್ಣುವ ಸರ್ಕಾರಿ ನೌಕರ” ಯಾರೆಂದು ತುಸು ನೋಡೋಣ. ಬ್ರಿಟಿಷರ ಕಾಲದಲ್ಲಿ ಹಳ್ಳಿಹಳ್ಳಿಗೆ ಪೂರಾ ಸಂಬಳದ ಪೋಸ್ಟ್ ಮಾಸ್ತರನನ್ನು ಇಡಲು ಖರ್ಚಾಗುತ್ತದೆಂದು ಊರಿನ ಮೇಷ್ಟರಿಗೋ ಅಂಗಡಿಯವನಿಗೋ ನಾಲ್ಕು ಕಾಸು ಕೊಟ್ಟು ಅಂಚೆಪೆಟ್ಟಿಗೆ ಒಪ್ಪಿಸುವ ಪದ್ಧತಿ ಬಂತು. ಎಂಥ ಜಾಣತನ! ನಾನು ಮೇಷ್ಟರಾಗಿದ್ದವನು, ನೀವು ಅಂಗಡಿ ಇಟ್ಟವರು. ಆ ಕಾಲದಲ್ಲಿ ಹುಟ್ಟಿದ್ದರೆ ಆ ಪೆಟ್ಟಿಗೆ ನಮ್ಮ ತಲೆಗೇ ಬೀಳುತ್ತಿತ್ತು. ಬ್ರಿಟಿಷರು ಹೋದರು, ಪೆಟ್ಟಿಗೆ ಉಳಿಯಿತು. “ಇಲಾಖೇತರ” ಎಂದಿದ್ದ ಹೆಸರು “ಡಾಕ್ ಸೇವಕ” ಎಂದಾಯಿತು. ಹೊಟ್ಟೆಗೆ ಹಾಕಲು ಮನಸ್ಸಿಲ್ಲದವರು ಬಿರುದು ಕೊಡುತ್ತಾರೆ.

ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಬಹುಪಾಲು ಇಂಥವರ ಕೈಯಲ್ಲೇ ನಡೆಯುವ ಶಾಖಾ ಕಚೇರಿಗಳು. ಕಚೇರಿಗೆ ಜಾಗ ಒದಗಿಸುವ ಹೊಣೆ ಶಾಖಾ ಪೋಸ್ಟ್ ಮಾಸ್ತರನದೇ. ಅನೇಕ ಕಡೆ ಅವನ ಮನೆಯ ಜಗಲಿಯೇ ಭಾರತ ಸರ್ಕಾರದ ಕಚೇರಿ! ಜೀವನಕ್ಕೆ ಬೇರೆ ಆದಾಯ ಇರಬೇಕೆಂಬುದು ಕೆಲಸದ ಕರಾರು. ಅಂದರೆ ಈ ಸಂಬಳದಿಂದ ಹೊಟ್ಟೆ ತುಂಬುವುದಿಲ್ಲವೆಂದು ಸರ್ಕಾರವೇ ಕಾಗದದ ಮೇಲೆ ಬರೆದುಕೊಟ್ಟಂತಾಯಿತು. ಸಂಬಳ ಎಂದೆನಲ್ಲ, ಅದಕ್ಕೆ ಆ ಹೆಸರೂ ಇಲ್ಲ, ಅದೊಂದು ಭತ್ಯೆ. ಮುಷ್ಕರಕ್ಕೆ ಮುಂಚೆ ಅದರ ಕೆಳಗಿನ ಶ್ರೇಣಿ 2295 ರೂಪಾಯಿಗೆ ಆರಂಭವಾಗುತ್ತಿತ್ತು, ಮೇಲೆ ತುಟ್ಟಿಭತ್ಯೆ. ಕೆಲಸ ಲೆಕ್ಕಕ್ಕೆ ದಿನಕ್ಕೆ ಹೆಚ್ಚೆಂದರೆ ಐದು ಗಂಟೆ. ಉಳಿತಾಯ ಖಾತೆ, ಗ್ರಾಮೀಣ ಅಂಚೆ ವಿಮೆ, ಉದ್ಯೋಗ ಖಾತ್ರಿಯ ಕೂಲಿ ಇವೆಲ್ಲವೂ ಆ ಐದು ಗಂಟೆಯ ಚೀಲಕ್ಕೆ ತುರುಕಿದ್ದು. ಗಡಿಯಾರ ಮಾತ್ರ ಐದಕ್ಕೇ ನಿಂತಿತು.

ಇವರು ನಾಗರಿಕ ಹುದ್ದೆ ಹೊಂದಿದವರೆಂದು ಸುಪ್ರೀಂ ಕೋರ್ಟು 1977ರಲ್ಲೇ ತೀರ್ಪು ಕೊಟ್ಟಿದೆ. ಆದರೂ 7ನೇ ವೇತನ ಆಯೋಗದ ಲಾಭ ಹಂಚುವಾಗ ಇವರನ್ನು ಪಂಕ್ತಿಯಿಂದ ಎಬ್ಬಿಸಲಾಯಿತು. ಇವರಿಗೆಂದು ಬೇರೆ ಸಮಿತಿ. ಅದರ ಅಧ್ಯಕ್ಷರು ಕಮಲೇಶ್ ಚಂದ್ರ, ಅಂಚೆ ಇಲಾಖೆಯ ನಿವೃತ್ತ ಅಧಿಕಾರಿ, ಕಾರ್ಮಿಕ ಸಂಘದ ಮುಖಂಡರೇನಲ್ಲ. ಅವರೂ ಭತ್ಯೆ ಹೆಚ್ಚಬೇಕೆಂದೇ 2016ರ ನವೆಂಬರಿನಲ್ಲಿ ವರದಿ ಒಪ್ಪಿಸಿದರು. ಇಲ್ಲಿಂದ ಮುಂದಿನ ಲೆಕ್ಕ ನನ್ನ ಹಳೆಯ ಶಿಷ್ಯರೂ ಮಾಡಬಲ್ಲರು. 2016ರ ನವೆಂಬರಿನಿಂದ 2018ರ ಮೇವರೆಗೆ ಎಷ್ಟು ತಿಂಗಳು? ಹದಿನೆಂಟು. ಅಷ್ಟು ದಿನ ವರದಿ ದಿಲ್ಲಿಯ ಮೇಜಿನೊಳಗೆ ಮಲಗಿತ್ತು. ಮುಷ್ಕರ ಆರಂಭವಾಗಿ ಎಷ್ಟನೆಯ ದಿನ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು? ಹದಿನಾರನೆಯ ದಿನ, ಜೂನ್ 6. ಕನಿಷ್ಠ ಭತ್ಯೆ 10,000 ರೂಪಾಯಿ ಆಯಿತು. ಹದಿನೆಂಟು ತಿಂಗಳು ಸಿಗದ ಪುರುಸೊತ್ತು ಹದಿನಾರು ದಿನಕ್ಕೆ ಸಿಕ್ಕಿತು! ಹಾಗಿದ್ದರೆ ಆ ಹದಿನೆಂಟು ತಿಂಗಳು ಸರ್ಕಾರ ಏನು ಮಾಡುತ್ತಿತ್ತು?

ಒಂದು ಕೆಲಸ ಮಾಡುತ್ತಿತ್ತು. 2018ರ ಬಜೆಟ್ಟಿನಲ್ಲಿ ಪಾರ್ಲಿಮೆಂಟ್ ಸದಸ್ಯರ ಸಂಬಳವನ್ನು ತಿಂಗಳಿಗೆ 50,000ದಿಂದ ಒಂದು ಲಕ್ಷಕ್ಕೆ ಏರಿಸಿಕೊಂಡಿತು, ಏಪ್ರಿಲ್ 1ರಿಂದಲೇ ಜಾರಿ. ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುವ ಏರ್ಪಾಡು ಬೇರೆ. ಇದಕ್ಕೆ ಯಾರಾದರೂ ಮುಷ್ಕರ ಹೂಡಿದ್ದರೇ? ಏಳು ವಾರ ಕಳೆದ ಮೇಲೆ ಡಾಕ್ ಸೇವಕ ಬೀದಿಗೆ ಬಂದ, ಮತ್ತು ನಾವು ಅವನ ಮೇಲೆ ರೇಗಿದೆವು.

“ಎಲ್ಲ ಸರಿ ಮಾರಾಯರೇ, ಆ ಮುದುಕಿಯ ಮಾತೇನು? ಮಂತ್ರಿಗೇನೂ ಆಗಲಿಲ್ಲ, ಹೊಡೆತ ಬಿದ್ದದ್ದು ಬಡವರಿಗೆ” ಎನ್ನುವವರಿದ್ದಾರೆ. ಈ ಪ್ರಶ್ನೆಯನ್ನು ತೇಲಿಸಿಬಿಡುವುದು ಅಪ್ರಾಮಾಣಿಕತನ. ಮುದುಕಿಗೆ ನಷ್ಟವಾಯಿತು, ಅವಳ ಒಲೆ ಆರಿದ ದಿನವನ್ನು ಯಾವ ತೀರ್ಮಾನವೂ ವಾಪಸು ತಂದುಕೊಡಲಿಲ್ಲ. ಆದರೆ ಅವಳ ಹಣ ತಿಂಗಳು ತಿಂಗಳೂ, ಮಳೆಯಲ್ಲೂ ಬಿಸಿಲಲ್ಲೂ, ಯಾರ ಕೈಯಿಂದ ಬರುತ್ತಿತ್ತು? 2295ರಿಂದ ಲೆಕ್ಕ ಶುರುವಾಗುವವನ ಕೈಯಿಂದ. ಆ ಮುದುಕಿಯ ಮೇಲೆ ನಿಜವಾದ ಕರುಣೆ ಇದ್ದ ಸರ್ಕಾರ ಮುಷ್ಕರದ ನೋಟೀಸು ಕೈಗೆ ಬಂದ ದಿನವೇ ಮಾತುಕತೆಗೆ ಕೂತು, ಜೂನ್ 6ರಂದು ಮಾಡಿದ್ದನ್ನು ಮೇ 21ರಂದು ಮಾಡಿ ಮುಗಿಸುತ್ತಿತ್ತು. ಹಾಗೆ ಮಾಡದೆ, ಅವಳ ಹಸಿವನ್ನೇ ಗುರಾಣಿ ಮಾಡಿಕೊಂಡು ಅದರ ಹಿಂದೆ ಕೂತು ಕಾದಿತು. ಕಷ್ಟಪಡುವ ಜನ ಮುಷ್ಕರದವರನ್ನು ತಾವೇ ಹೊಡೆದಟ್ಟಲಿ ಎಂಬ ಲೆಕ್ಕಾಚಾರ ಎಲ್ಲ ಧಣಿಗಳಿಗೂ ಗೊತ್ತಿರುವಂಥದು. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಈ ಲೆಕ್ಕಾಚಾರವೂ ಹಳೆಯದು. 1960ರ ಜುಲೈ 11ರ ಮಧ್ಯರಾತ್ರಿ ಅಂಚೆಯವರೂ ಸೇರಿದಂತೆ ಕೇಂದ್ರ ನೌಕರರು ಮುಷ್ಕರಕ್ಕೆ ಇಳಿದಾಗ ಅವರು ಕೇಳಿದ್ದು, 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರವೂ ಕೂತು ಒಪ್ಪಿದ್ದ ಅಗತ್ಯಾಧಾರಿತ ಕನಿಷ್ಠ ವೇತನವನ್ನೇ. ಎರಡನೆಯ ವೇತನ ಆಯೋಗ 80 ರೂಪಾಯಿಗೆ ಗೆರೆ ಎಳೆದಿತ್ತು. ಅಂದಿನ ಉತ್ತರವೂ ಸುಗ್ರೀವಾಜ್ಞೆ, ಸೆರೆಮನೆ. ಇನ್ನೂ ಹಿಂದೆ ಹೋದರೆ ಬೇರೆ ಚಿತ್ರ ಕಾಣುತ್ತದೆ. 1946ರಲ್ಲಿ ಅಂಚೆಯವರು ಮುಷ್ಕರದಲ್ಲಿದ್ದಾಗ, ಜುಲೈ 29ರಂದು ಕಲ್ಕತ್ತೆಯ ಕಾರ್ಮಿಕರು ಅವರ ಬೆಂಬಲಕ್ಕೆ ಇಡೀ ನಗರವನ್ನೇ ನಿಲ್ಲಿಸಿದರು. ಕಾಗದ ಬರಲಿಲ್ಲವೆಂಬ ಸಂಕಟ ಅವರಿಗೂ ಇತ್ತು.

ಅಂಗಡಿಕಾರ ಬಂಧುಗಳೇ, ನಿಮಗೊಂದು ನೆನಪು. ಅದೇ 2018ರ ಸೆಪ್ಟೆಂಬರ್ 28ರಂದು ವಾಲ್‌ಮಾರ್ಟ್ ಫ್ಲಿಪ್‌ಕಾರ್ಟನ್ನು ಕೊಂಡದ್ದನ್ನು ವಿರೋಧಿಸಿ ವರ್ತಕರ ಒಕ್ಕೂಟ ದೇಶದಾದ್ಯಂತ ಬಂದ್‌ಗೆ ಕರೆಕೊಟ್ಟಿತು. ಅಂದು ಶಟರ್ ಎಳೆದವರು ಗಿರಾಕಿಗೆ ತೊಂದರೆಯಾಗಲೆಂದು ಎಳೆದರೇ? ಬೇರೆ ದಾರಿ ಕಾಣದೆ ಎಳೆದರು. ನಿಮ್ಮ ಶಟರ್ ನ್ಯಾಯವಾದರೆ ಅವನ ಚೀಲ ಅನ್ಯಾಯ ಹೇಗಾಯಿತು?

2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಬಂದು ಕೂತಾಗಲೂ ಇದೇ ಗೊಣಗಾಟ ಕೇಳಿಸಿತ್ತು: ಕಾರು ನಿಂತಿತು, ಬಸ್ಸು ನಿಂತಿತು. ಅವರು ಕೇಳಿದ್ದು ತಮ್ಮದೇ ಭವಿಷ್ಯನಿಧಿಯ ಹಣ. ಅದನ್ನು 58 ವರ್ಷದವರೆಗೆ ತಡೆಹಿಡಿಯುವ ನಿಯಮವನ್ನು ಸರ್ಕಾರ 19ರಂದೇ ಹಿಂದಕ್ಕೆ ತೆಗೆದುಕೊಂಡಿತು. ಇಂದು ಗಿರಣಿಯಲ್ಲಿ ಕೆಲಸ ಬಿಟ್ಟು ಆ ಹಣ ತೆಗೆಯುವ ಪ್ರತಿಯೊಬ್ಬನಿಗೂ ಆ ರಸ್ತೆತಡೆಯಲ್ಲಿ ಪಾಲಿದೆ.

ಇನ್ನು “ನಮಗೂ ಅಂಚೆಯವನಿಗೂ ಏನು ಸಂಬಂಧ” ಎನ್ನುವ ಗಿರಣಿಯವರಿಗೆ ಒಂದು ಸುದ್ದಿ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ 14 ದಿನ ಮುಂಚೆ ನೋಟೀಸು ಕೊಡದೆ ಮುಷ್ಕರ ಹೂಡಬಾರದೆಂಬ ಹಗ್ಗ ಇದ್ದದ್ದು ಅಂಚೆ, ರೈಲಿನಂಥ ಸಾರ್ವಜನಿಕ ಸೇವೆಗಳ ಕುತ್ತಿಗೆಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದೇ ಹಗ್ಗವನ್ನು ಎಲ್ಲ ಕೈಗಾರಿಕೆಗಳ ಕುತ್ತಿಗೆಗೂ ಹಾಕಿದೆ. ರಾಜಿ ಮಾತುಕತೆ ನಡೆಯುವಷ್ಟು ದಿನ, ಅದು ಮುಗಿದು ಏಳು ದಿನದವರೆಗೆ, ಮುಷ್ಕರ ಕೂಡದು. ಅರ್ಧಕ್ಕರ್ಧ ಜನ ಒಟ್ಟಾಗಿ ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೆಂದೇ ಲೆಕ್ಕ. ಅಂಚೆಯವನ ಮುಷ್ಕರಕ್ಕೆ ಜನ ಹಾಕಿದ ಶಾಪ ಈ ಸಂಹಿತೆ ಬರೆದವರಿಗೆ ಎಷ್ಟು ಅನುಕೂಲವಾಯಿತೆಂದು ನೀವೇ ಊಹಿಸಿರಿ.

ಡಾಕ್ ಸೇವಕರು 2023ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಕೆಲಸ ನಿಲ್ಲಿಸಿದರು. ಕೇಳಿದ್ದು ಎಂಟು ಗಂಟೆಯ ಕೆಲಸ, ಮುಪ್ಪಿಗೆ ಪಿಂಚಣಿ. ಇನ್ನೊಮ್ಮೆ ಅವರು ಚೀಲ ಕೆಳಗಿಟ್ಟ ದಿನ, ಬೈಯುವುದಕ್ಕೆ ಮುಂಚೆ, ನಿಮ್ಮ ಊರಿನ ಆ ಜಗಲಿಯ ತನಕ ಹೋಗಿ ಬೇಡಿಕೆಯ ಪಟ್ಟಿ ಕೇಳಿ ಓದಿರಿ. ಅದರಲ್ಲಿ ನೀವು ನಿಮ್ಮ ಮಾಲೀಕನಿಂದ ಕೇಳದೆ ಇರುವುದು ಒಂದಾದರೂ ಇದ್ದರೆ ನನಗೆ ತಿಳಿಸಿರಿ.