ಕಾಕಾ, ಬ್ರಿಜ್ ಮತ್ತು ಎರಡು ಚೌಕಟ

ಬ್ರಿಜ್ ಕಲಿಯೋಕೆ ಹೊರಟವರೆಲ್ಲ ಮೊದಲು ಕೇಳೋದು ಒಂದೇ... ಯಾವ ಬಿಡ್ಡಿಂಗ್ ಸಿಸ್ಟಮ್ ಒಳ್ಳೇದು? ನಾನೂ ಕೇಳಿದ್ದೆ. ಈಗ ಅನ್ನಿಸೋದು, ಆ ಪ್ರಶ್ನೆಯೇ ತಪ್ಪು. 'ಯಾರ ಜೊತೆ ಆಡ್ತೀರಿ?' ಅನ್ನೋದು ಮೊದಲ ಪ್ರಶ್ನೆ ಆಗಬೇಕು.

ನಿಪ್ಪಾಣಿಯ ನಮ್ಮನೆ ಕಟ್ಟೆ ಮೇಲೆ ಬೇಸಿಗೆ ರಜೆ ಅಂದ್ರೆ ಮೆಂಡಿಕೋಟ್. ಮಾತಾಡುವ ಹಾಗಿಲ್ಲ. ಆದ್ರೂ ನಮ್ಮ ಕಾಕಾ ಕೆಮ್ಮಿದರೆ ಕೈಯಲ್ಲಿ ಹುಕುಂ ಇದೆ ಅಂತ ಓಣಿಗೆಲ್ಲ ಗೊತ್ತು :-) ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರಲ್ಲ, ಹಾಗೆ.

ಬ್ರಿಜ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲೂ ನಿಮ್ಮ 13 ಎಲೆಯ ಸುದ್ದಿ ಜೋಡಿಗೆ ಮುಟ್ಟಿಸಬೇಕು, ಆದ್ರೆ ಎಲ್ಲರೆದುರು. ಇರೋ ಶಬ್ದ ಬರೀ 15. 1ರಿಂದ 7ರವರೆಗಿನ ಅಂಕಿ, ಇಸ್ಪೀಕ, ಬದಾಮ, ಚೌಕಟ, ಕಿಲವರ, ನೋಟ್ರಂಪ್, ಮತ್ತೆ ಪಾಸ್, ಡಬಲ್, ರೀಡಬಲ್. ಯಾವ ಕೂಗಿಗೆ ಏನರ್ಥ ಅನ್ನೋ ಒಪ್ಪಂದವೇ ಸಿಸ್ಟಮ್. ಎದುರಾಳಿ ಕೇಳಿದರೆ ಬಿಡಿಸಿ ಹೇಳಲೇಬೇಕು. ಕದ್ದು ಸನ್ನೆ ಮಾಡಿದರೆ ಮೋಸ. 2015ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಜೋಡಿಗಳೇ ಇಂಥ ಆರೋಪದಲ್ಲಿ ಸಿಕ್ಕಿಬಿದ್ದವು.

ಸಿಸ್ಟಮ್‌ಗಳೋ ಹತ್ತಾರು. ಒಂದು ನೋಟ್ರಂಪ್ ಅಂದರೆ ಸ್ಟ್ಯಾಂಡರ್ಡ್ ಅಮೆರಿಕನ್‌ನಲ್ಲಿ 15ರಿಂದ 17 ಪಾಯಿಂಟ್, ಇಂಗ್ಲೆಂಡಿನ ಏಕೋಲ್‌ನಲ್ಲಿ 12ರಿಂದ 14. ಸಿ. ಸಿ. ವೇ ಅವರ ಪ್ರಿಸಿಶನ್‌ನಲ್ಲಿ ಒಂದು ಕಿಲವರ ಅಂದ್ರೆ ಕಿಲವರ ಇದೆ ಅಂತಲ್ಲ, 16ಕ್ಕಿಂತ ಕಡಿಮೆ ಇಲ್ಲ ಅಂತ. ಅದನ್ನು ಹಿಡಿದೇ ತೈವಾನ್ 1969ರಲ್ಲಿ ಬರ್ಮುಡಾ ಬೌಲ್ ಫೈನಲ್ ಮುಟ್ಟಿತ್ತು.

ಕಳೆದ ವರ್ಷ ಕಾಕು ತೀರಿಕೊಂಡ ಮೇಲೆ ಕಾಕಾ ಮನೆಯಲ್ಲಿ ಒಬ್ಬರೇ. ನಾನು ಪುಣೆಯಲ್ಲಿ. ಕೊಲ್ಲಾಪುರದಲ್ಲಿ ನೌಕರಿ ಮಾಡುವಾಗ ಅವರು ಬ್ರಿಜ್ ಕಲಿತಿದ್ದರು, ಹಳೇ ಗೋರನ್ ಪದ್ಧತಿ. ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ನಾವಿಬ್ಬರು, ಎದುರಿಗೆ ಎರಡು ರೋಬೋಟ್. ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? 'ಟೂ ಓವರ್ ಒನ್' ಕಲಿಯೋಣ ಅಂತ 23 ಪುಟದ ನೋಟ್ಸ್ ಕಳಿಸಿದೆ.

ಒಂದು ಭಾನುವಾರ ಕಾಕಾ ಒಂದು ನೋಟ್ರಂಪ್ ಅಂದ್ರು. ನಾನು ಎರಡು ಚೌಕಟ ಅಂದೆ. ನೋಟ್ಸ್ ಪ್ರಕಾರ ಅದು ಟ್ರಾನ್ಸ್‌ಫರ್: 'ನನಗೆ ಬದಾಮ ಐದಾದರೂ ಇವೆ, ನೀವು ಎರಡು ಬದಾಮ ಕೂಗಿ'. ಕಾಕಾ ಪಾಸ್! ಹುಕುಂ ಚೌಕಟ ಆಯ್ತು. ನನ್ನ ಹತ್ತಿರ ಚೌಕಟ ಒಂದು, ಅವರ ಹತ್ತಿರ ಮೂರು. ಸೋತಿದ್ದು ಇರಲಿ, ನಾನು ಫೋನಿನಲ್ಲಿ ಪಾಠ ಶುರು ಮಾಡಿದೆ. ಆಮೇಲೆ ಮೂರು ಭಾನುವಾರ ಕಾಕಾ ಬರಲಿಲ್ಲ. ಕಣ್ಣು ನೋವು ಅಂದ್ರು. ಊರಿಗೆ ಹೋದಾಗ ಹೇಳಿದ್ರು, "ನೀ ಬರೇ ಪರೀಕ್ಷಾ ತಗೋತಿಯೋ ತಮ್ಮಾ, ಆಡಾಕ ಬಿಡಂಗಿಲ್ಲ."

ಯೋಚಿಸಿದರೆ ಕಾಕಾ ಮಾಡಿದ್ದು ಅವರ ಭಾಷೆಯಲ್ಲಿ ಸರಿಯೇ. ಹಳೇ ಪದ್ಧತಿಯಲ್ಲಿ ಎರಡು ಚೌಕಟ ಅಂದ್ರೆ 'ಕೈ ಬಡವ, ಚೌಕಟ ಉದ್ದ, ಇಲ್ಲೇ ನಿಲ್ಲಿಸು'. ನಮ್ಮ ಕಡೆಯವರಿಗೆ ಇದು ಹೊಸದಾ? ಕಾಗವಾಡದವರು ಮಿರಜ್ ಪೇಟೆಗೆ ಹೋದರೆ ಮರಾಠಿ, ಅಥಣಿಗೆ ಬಂದರೆ ಕನ್ನಡ. ಯಾವ ಭಾಷೆ ಶ್ರೇಷ್ಠ ಅಂತ ಲೆಕ್ಕ ಹಾಕಿ ಯಾರೂ ಬಾಯಿ ತೆರೆಯಲ್ಲ. ಎದುರಿಗಿದ್ದವರಿಗೆ ತಿಳಿಯಬೇಕು, ಅಷ್ಟೇ.

ದೊಡ್ಡ ಆಟಗಾರರ ಸಿಸ್ಟಮ್ ದಪ್ಪ ಇರುತ್ತೆ, ಒಪ್ಪುವೆ. ಆದ್ರೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ವರ್ಷಗಟ್ಟಲೆ ಜೊತೆಗೆ ಆಡಿದ ಜೋಡಿ. ನೋಟ್ಸ್ ಓದಿ ಒಂದು ವಾರದಲ್ಲಿ ಬಂದಿದ್ದಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಜೋಡಿಯಲ್ಲಿ ಕಡಿಮೆ ನೆನಪಿಡಬಲ್ಲವರು ಯಾರೋ, ಅವರಿಗೆ ಗೊತ್ತಿರೋ ಸಿಸ್ಟಮ್ ಆರಿಸಿ. ನಾಲ್ಕು ಎಲೆಯ ಬದಾಮ ಅಥವಾ ಇಸ್ಪೀಕ ಹುಡುಕೋಕೆ ಸ್ಟೇಮನ್, ಎಕ್ಕ ಎಣಿಸೋಕೆ ಬ್ಲ್ಯಾಕ್‌ವುಡ್, ಮೊದಲಿಗೆ ಇವೆರಡು ಸಾಕು. ಹೊಸದೊಂದು ಸೇರಿಸಬೇಕಾ? ಅದಿಲ್ಲದೆ ಇಬ್ಬರೂ ಮೂರ್ನಾಲ್ಕು ಸಲ ಪೆಟ್ಟು ತಿಂದ ಮೇಲೆ ಸೇರಿಸಿ.

ನಾನೀಗ ಗೋರನ್ ಕಲೀತಿದ್ದೀನಿ. ಒಂದು ನೋಟ್ರಂಪ್‌ಗೆ 16ರಿಂದ 18. ಗುರು ಕಾಕಾನೇ. ಹೋದ ಭಾನುವಾರ ನಾನು ಮರೆತೆ... ಅವರು ನಕ್ಕರು, ಪಾಠ ಮಾಡಲಿಲ್ಲ.

ನೀವೇನಂತೀರಿ?